ಬಿಡಾರ ಯಾರಿಗೆ, ಬಿಡುವು ಯಾರಿಗೆ?

ಕಲಾವಿದರಿಗೆ ‘ರೆಸಿಡೆನ್ಸಿ’ ಎಂಬ ಒಂದು ವ್ಯವಸ್ಥೆ ಇದೆ. ಬೆಂಗಳೂರು, ದಿಲ್ಲಿ, ಲಂಡನ್, ಆಮ್‌ಸ್ಟರ್‌ಡ್ಯಾಮಿನ ಯಾವುದೋ ಸಂಸ್ಥೆ ಚಿತ್ರ ಬರೆಯುವವರನ್ನೋ ಶಿಲ್ಪ ಮಾಡುವವರನ್ನೋ ಕರೆಸಿಕೊಂಡು, ಇರಲಿಕ್ಕೆ ಒಂದು ಕೋಣೆ, ಕೆಲಸಕ್ಕೆ ಒಂದು ಜಾಗ, ಕೈಖರ್ಚಿಗೆ ಒಂದಿಷ್ಟು ದುಡ್ಡು ಕೊಟ್ಟು ಒಂದು ತಿಂಗಳೋ ಆರು ತಿಂಗಳೋ ಎರಡು ವರ್ಷವೋ ಇಟ್ಟುಕೊಳ್ಳುತ್ತದೆ. ಅಲ್ಲಿ ಅವರು ಏನು ಮಾಡಬೇಕು? ಇಂಥದ್ದೇ ಮಾಡಬೇಕೆಂದಿಲ್ಲ ಎಂಬುದು ಒಳ್ಳೆಯ ರೆಸಿಡೆನ್ಸಿ ಕೊಡುವ ಉತ್ತರ. ಓದಬಹುದು, ಊರು ತಿರುಗಬಹುದು, ಮಾಡಿದ್ದನ್ನು ಕೆಡವಿ ಮತ್ತೆ ಮಾಡಬಹುದು, ಸುಮ್ಮನೆ ಕೂಡಲೂಬಹುದು.

ಸುಮ್ಮನೆ ಕೂಡಬಹುದು ಅನ್ನೋ ಮಾತನ್ನು ದೇವದುರ್ಗ, ಮಾನ್ವಿ ಸೀಮೆಯ ನಮ್ಮ ಕೇರಿಗಳಾಗ ನಮ್ಮ ಅಪ್ಪಗೋ ಅವ್ವಗೋ ಯಾರಾದರೂ ಹೇಳಿದ್ದನ್ನು ನಾವು ಕೇಳಿಲ್ಲ. ಕೂತರೆ ‘ಕೈಕಾಲು ಬಿದ್ದಾವೇನಲೇ’ ಅಂತ ಕೇಳುವವರೇ ಇದ್ದರು. ಅದಕ್ಕಾಗಿಯೇ ಈ ವಿಷಯ ನಮ್ಮದು. ‘ಕಾಲುವಿ ಕೊನೀಗೆ ನೀರು ಮುಟ್ಟಲ್ಲ, ಮಂದಿ ಗುಳೆ ಹೊಂಟಾರ, ನಿಮಗ ಬರ್ಲಿನ್ನಿನ ಕ್ವಾಣಿ ಚಿಂತಿ ಏನ್ರಪಾ’ ಎಂದು ನಮ್ಮ ಸಂಘಟನೆಯ ಹಿರಿಯರು ನಗುತ್ತಾರೆ. ಅವರ ಸಿಟ್ಟು ನಮಗೆ ಅರ್ಥವಾಗುತ್ತದೆ. ಆದರೆ ಮೊದಲು ರೊಟ್ಟಿ, ಆಮೇಲೆ ಕಲೆ ಎಂಬ ಈ ಸರದಿಯನ್ನು ನಮಗೆ ಹೇಳಿಕೊಟ್ಟವರು ಉಂಡು ಕೈತೊಳೆದವರು. ಹೊಟ್ಟೆ ತುಂಬಿದ ಮೇಲೆ ಹಾಡಬೇಕು ಅಂದಿದ್ದರೆ ನಮ್ಮ ಕೇರಿಯಲ್ಲಿ ಹಲಗಿ ಹುಟ್ಟುತ್ತಲೇ ಇರಲಿಲ್ಲ, ಮೊಹರಮ್ಮಿಗೆ ರಿವಾಯತ್ ಪದ ಹಾಡಲಿಕ್ಕೆ ಒಬ್ಬನೂ ಸಿಗುತ್ತಿರಲಿಲ್ಲ.

ರೆಸಿಡೆನ್ಸಿ ಎಂಬ ಶಬ್ದ ನಮ್ಮ ಭಾಗಕ್ಕೆ ಹೊಸದೇನಲ್ಲ. 1948ರ ತನಕ ರಾಯಚೂರು ನಿಜಾಮನ ಸೀಮೆ. ಹೈದರಾಬಾದಿನ ಕೋಠಿಯಲ್ಲಿ 19ನೇ ಶತಮಾನದ ಆರಂಭದಲ್ಲಿ ಕಟ್ಟಿದ ದೊಡ್ಡ ಕಂಬಗಳ ಬಂಗಲೆಗೆ ರೆಸಿಡೆನ್ಸಿ ಅಂತಲೇ ಹೆಸರು. ಅಲ್ಲಿ ಕೂತ ಇಂಗ್ಲಿಷ್ ರೆಸಿಡೆಂಟನ ಕಣ್ಣು ನಿಜಾಮನ ಮೇಲೂ ಇತ್ತು, ಅವನ ಖಜಾನೆಯ ಮೇಲೂ ಇತ್ತು. ಸಾಲದ ಲೆಕ್ಕದಲ್ಲಿ 1853ರಲ್ಲಿ ನಮ್ಮ ರಾಯಚೂರು ದೋಆಬವನ್ನೇ ಬರೆಸಿಕೊಂಡು, 1860ರಲ್ಲಿ ತಿರುಗಿ ಕೊಟ್ಟರು. ಯಾರೋ ದೂರದವರು ಬಂದು ಉಳಿದರೆಂದರೆ ಇಲ್ಲಿದ್ದವರಿಗೆ ಏನಾಗುತ್ತದೆ ಎಂಬ ಪ್ರಶ್ನೆ ಆ ಶಬ್ದದಲ್ಲೇ ಇದೆ.

ಕಲಾವಿದರ ರೆಸಿಡೆನ್ಸಿಯ ಚರಿತ್ರೆ ಬೇರೆ. 1666ರಲ್ಲಿ ಫ್ರಾನ್ಸಿನ ರಾಜ ಹದಿನಾಲ್ಕನೇ ಲೂಯಿಯ ಆಳ್ವಿಕೆ ರೋಮಿನಲ್ಲಿ ಒಂದು ಅಕಾಡೆಮಿ ತೆರೆದು ಹುಡುಗರನ್ನು ಕಳಿಸಿತು. ಅವರು ಅಲ್ಲಿನ ಹಳೆಯ ಶಿಲ್ಪ, ಚಿತ್ರಗಳ ಪ್ರತಿ ಮಾಡಿ ಅರಮನೆಗೆ ಕಳಿಸಬೇಕಿತ್ತು. ಉಣಿಸಿದವನಿಗೆ ಫಲ ಸಲ್ಲಬೇಕು ಎಂಬ ಹಳೆಯ ಲೆಕ್ಕ ಅದು. ಈ ಲೆಕ್ಕ ತಪ್ಪಿದ್ದು ಅಮೆರಿಕದಲ್ಲಿ. 1907ರಲ್ಲಿ ನ್ಯೂಹ್ಯಾಂಪ್‌ಶೈರಿನ ಕಾಡಿನಲ್ಲಿ ಶುರುವಾದ ಮ್ಯಾಕ್‌ಡೊವೆಲ್ ಎಂಬಲ್ಲಿ ಒಬ್ಬೊಬ್ಬ ಕಲಾವಿದನಿಗೆ ಒಂದೊಂದು ಒಂಟಿ ಮನೆ. ಮಧ್ಯಾಹ್ನದ ಬುತ್ತಿಯನ್ನು ಬುಟ್ಟಿಯಲ್ಲಿಟ್ಟು, ಕೆಲಸ ಕೆಡಬಾರದೆಂದು ಕೂಗದೆ ಕರೆಯದೆ ಬಾಗಿಲ ಹತ್ತಿರ ಇಟ್ಟುಹೋಗುವುದು ಅಲ್ಲಿಯ ಪದ್ಧತಿ. ಇದನ್ನು ಓದಿದಾಗ ನಮಗೆ ನಗು ಬಂತು, ಆಮೇಲೆ ನಗು ನಿಂತಿತು. ನಮ್ಮವರಿಗೂ ಬಾಗಿಲ ಹೊರಗೇ ಊಟ ಇಟ್ಟು ದೂರ ಸರಿಯುತ್ತಿದ್ದರು, ಕಾರಣ ಬೇರೆ. ಆ ಮ್ಯಾಕ್‌ಡೊವೆಲ್ಲಿನ ಕೋಣೆಯಲ್ಲಿ 1950ರ ದಶಕದಲ್ಲಿ ಜೇಮ್ಸ್ ಬಾಲ್ಡ್‌ವಿನ್ ಎಂಬ ಹಾರ್ಲೆಮಿನ ಕರಿಯ ಹುಡುಗನೂ ಕೂತು ಬರೆದ. ಬುತ್ತಿಬುಟ್ಟಿ ಅವನ ಬಾಗಿಲಿಗೂ ಬಂತು. ಹೀಗಾಗಿ ಈ ವ್ಯವಸ್ಥೆಯನ್ನೇ ಬೂಸಾ ಎಂದು ತಳ್ಳಿಹಾಕಲು ನಮಗೆ ಮನಸ್ಸಿಲ್ಲ.

ಆಮೇಲೆ ಇದು ಲೋಕ ತುಂಬ ಹಬ್ಬಿತು. 1967ರಲ್ಲಿ ಅಯೋವಾದಲ್ಲಿ ಲೇಖಕರಿಗೆ, 1982ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಟ್ರಯಾಂಗಲ್ ಕಾರ್ಯಾಗಾರ, ಅದರ ಬಳಗದಲ್ಲೇ 1997ರಲ್ಲಿ ದಿಲ್ಲಿಯ ಖೋಜ್. ಬೆಂಗಳೂರಿನ ಶಾಂತಿನಗರದಲ್ಲಿ ಸುರೇಶ್ ಜಯರಾಮ್ 2003ರಲ್ಲಿ ತಮ್ಮ ಮನೆಯನ್ನೇ ‘ಒನ್ ಶಾಂತಿ ರೋಡ್’ ಎಂದು ಕಲಾವಿದರ ಬಿಡಾರ ಮಾಡಿದರು. ಪರದೇಶದವರೂ ಪರರಾಜ್ಯದವರೂ ಬಂದು ಇರುತ್ತಾರೆ. ಸರಕಾರದ ಕಡೆ ಕೈಚಾಚದೆ ಒಬ್ಬ ಕಲಾವಿದ ಮನೆಬಾಗಿಲು ತೆರೆದದ್ದು ಸಣ್ಣ ಕೆಲಸವಲ್ಲ. ಆದರೆ ನಮ್ಮ ಹುಡುಗರಿಗೆ ಆ ಶಾಂತಿನಗರವೂ ಪರದೇಶವೇ. ರಾಯಚೂರಿನಿಂದ ಬೆಂಗಳೂರಿಗೆ ಇರುವುದು ಒಂದು ರಾತ್ರಿಯ ಪ್ರಯಾಣ. ಆ ಮನೆಯ ಗೇಟಿನಿಂದ ಒಳಗಿನ ಮಾತಿಗೆ ಎಷ್ಟು ದೂರ ಎಂದು ಯಾವ ಟೈಮ್ ಟೇಬಲ್ಲಿನಲ್ಲೂ ಬರೆದಿಲ್ಲ.

ನಮ್ಮ ಕಡೆಯಿಂದ ಅಂಥಲ್ಲಿಗೆ ಯಾರೂ ಹೋಗಿಯೇ ಇಲ್ಲ ಎಂದರೆ ಸುಳ್ಳಾದೀತು. ದೇವನೂರ ಮಹಾದೇವ 1989ರಲ್ಲಿ ಅಯೋವಾಕ್ಕೆ ಹೋದರು. ಅಷ್ಟೊತ್ತಿಗೆ ‘ಒಡಲಾಳ’ವೂ ‘ಕುಸುಮಬಾಲೆ’ಯೂ ಕನ್ನಡದಲ್ಲಿ ಬಂದಾಗಿತ್ತು. ಇಲ್ಲಿ ಒಂದು ಲೆಕ್ಕ ನೋಡಬೇಕು. ‘ಕುಸುಮಬಾಲೆ’ ಪ್ರಕಟವಾದದ್ದು 1984ರಲ್ಲಿ. ಸೂಸನ್ ಡೇನಿಯಲ್ ಅವರ ಅನುವಾದದಲ್ಲಿ ಅದು ಇಂಗ್ಲಿಷಿಗೆ ಬಂದದ್ದು 2015ರಲ್ಲಿ. ಅಂದರೆ 31 ವರ್ಷ. ಅಯೋವಾದಲ್ಲಿ ಆ ಲೇಖಕನ ಜೊತೆ ಊಟಕ್ಕೆ ಕೂತ ಲೋಕದ ಲೇಖಕರಿಗೆ ಆತ ಯಾಕೆ ದೊಡ್ಡವನು ಎಂದು ಓದಿ ತಿಳಿಯುವ ದಾರಿಯೇ ಇರಲಿಲ್ಲ. 2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ನಾವೆಲ್ಲ ಪೇಡೆ ಹಂಚಿದೆವು. ಆ ಕತೆಗಳೂ ದೀಪಾ ಭಾಸ್ತಿ ಅವರು ಇಂಗ್ಲಿಷಿಗೆ ತಂದ ಮೇಲೆಯೇ ಅಲ್ಲಿಗೆ ಮುಟ್ಟಿದವು. ಲೇಖಕರಿಗಾದರೋ ಅನುವಾದಕರು ಸಿಕ್ಕಾರು. ಮಾನ್ವಿಯ ಬಜಾರಿನಲ್ಲಿ ಬೋರ್ಡು ಬರೆಯುವ ಹುಡುಗನ ಮನಸ್ಸಿಗೆ ಅನುವಾದಕ ಯಾರು?

ಅಂಥ ಒಬ್ಬ ಗೆಳೆಯ ನಮಗಿದ್ದಾನೆ. ಡ್ರಾಯಿಂಗ್ ಡಿಪ್ಲೊಮಾ ಮಾಡಿದವನು. ಫ್ಲೆಕ್ಸ್ ಬಂದು ಕುಂಚದ ಅನ್ನ ಕಸಿದುಕೊಂಡ ಮೇಲೆ ಅವನಿಗೆ ಉಳಿದದ್ದು ಶಾಲೆಯ ಗೋಡೆ ಮತ್ತು ಟ್ರ್ಯಾಕ್ಟರ್ ಟ್ರೇಲರಿನ ಹಿಂಭಾಗ. ಅಕ್ಷರಕ್ಕೆ ಅವನು ಕೊಡುವ ನೆರಳು ನೋಡಬೇಕು. ಒತ್ತಕ್ಷರ ಗೋಡೆ ಬಿಟ್ಟು ಎದ್ದು ಬಂದಂತೆ ಕಾಣುತ್ತದೆ. ಅವನು ಒಂದು ರೆಸಿಡೆನ್ಸಿಗೆ ಅರ್ಜಿ ಹಾಕಲು ಹೊರಟ. ಯಾವ ಸಂಸ್ಥೆ ಎಂಬುದು ಇಲ್ಲಿ ಬೇಡ. ನಾವು ನಾಲ್ಕು ಜನ ಸೇರಿ ಅರ್ಜಿ ಓದಿದೆವು. ಕೃತಿಗಳ ಫೋಟೋ ಇರಬೇಕು. ಇಬ್ಬರು ಕ್ಯುರೇಟರುಗಳ ಶಿಫಾರಸು ಇರಬೇಕು. ಅರ್ಜಿಗೆ ಡಾಲರಿನಲ್ಲಿ ಶುಲ್ಕ. ವಿಮಾನದ ಖರ್ಚು ಮೊದಲು ನಿಮ್ಮದು, ಆಮೇಲೆ ರಸೀದಿ ಕೊಟ್ಟರೆ ನಮ್ಮದು. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಆರು ತಿಂಗಳ ದುಡ್ಡು ಕಾಣಬೇಕು, ಇಲ್ಲದಿದ್ದರೆ ವೀಸಾ ಕೊಡುವವರು ಇವನು ತಿರುಗಿ ಹೋಗುವುದಿಲ್ಲ ಎಂದು ಅನುಮಾನಪಡುತ್ತಾರೆ. ಇವನ ಹುಟ್ಟಿದ ತಾರೀಖು ನಮ್ಮೆಲ್ಲರ ಹಾಗೆ ಹೆಡ್ ಮಾಸ್ತರರು ಬರೆದುಕೊಟ್ಟ ಜೂನ್ 1.

ಇವೆಲ್ಲ ದಾಟಬಹುದಾಗಿತ್ತೇನೋ. ಸಿಕ್ಕಿಬಿದ್ದದ್ದು ‘ನಿಮ್ಮ ಕಲಾಹೇಳಿಕೆಯನ್ನು 300 ಶಬ್ದಗಳಲ್ಲಿ ಬರೆಯಿರಿ’ ಎಂಬಲ್ಲಿ. ಗೆಳೆಯ ಕನ್ನಡದಲ್ಲಿ ಹೇಳಿದ, ನಾವು ಬರೆದುಕೊಂಡೆವು: ‘ಗ್ವಾಡಿ ಮೊದಲ ನೋಡಬೇಕು. ಸುಣ್ಣ ಹೊಡದದ್ದೋ, ಸಿಮಿಟಿನದೋ. ಬಿಸಲು ಎಲ್ಲಿಂದ ಬೀಳತೈತಿ ನೋಡಿ ನೆಳ್ಳು ಹಾಕಬೇಕು. ದೂರದಿಂದ ಬರೋ ಮನಷ್ಯಾಗ ಓದಲಿಕ್ಕ ಬರದಿದ್ರೂ ಇಲ್ಲೇನೋ ಐತಿ ಅನಸಬೇಕು.’ ಅಕ್ಷರ ಬರದವನಿಗೆ ಅಕ್ಷರವನ್ನು ಚಿತ್ರವಾಗಿ ತೋರಿಸುವ ಕಲೆಯ ಬಗ್ಗೆ ಇದಕ್ಕಿಂತ ಸ್ಪಷ್ಟವಾದ ಮಾತನ್ನು ನಾವು ಯಾವ ಕಲಾಪುಸ್ತಕದಲ್ಲೂ ಓದಿಲ್ಲ. ಆದರೆ ಅದು ಇಂಗ್ಲಿಷಿಗೆ ಬರುವ ಹೊತ್ತಿಗೆ ಗೋಡೆ ಹೋಗಿ ‘ಅವಕಾಶ’ವಾಯಿತು, ನೆರಳು ಹೋಗಿ ‘ಅಸ್ಮಿತೆ’ಯಾಯಿತು. ಸಹಾಯ ಮಾಡಿದ ಇಂಗ್ಲಿಷ್ ಬಲ್ಲವರ ಮನಸ್ಸು ಒಳ್ಳೆಯದೇ. ‘ದಲಿತ ಅಂತ ಒಂದು ಕಡೆ ಹಾಕು, ಅವರಿಗೆ ಬೇಕಾಗಿರತೈತಿ’ ಎಂದೂ ಅವರು ಹೇಳಿದರು. ಗೆಳೆಯ ಅರ್ಜಿ ಮಡಚಿ ಇಟ್ಟುಬಿಟ್ಟ. ಬೋರ್ಡು ಬರೆಯುವವನಾಗಿ ಅವನನ್ನು ಯಾರೂ ಕರೆಯಲಿಲ್ಲ. ಗಾಯ ತೋರಿಸಿದರೆ ಕರೆಯುತ್ತೇವೆ ಎಂಬಂತೆ ಅವನಿಗೆ ಕೇಳಿಸಿತು.

ಹಾಗಂತ ನಮ್ಮ ನೋವು ನುಡಿಯುವ ಕೆಲಸ ಅಲ್ಲಿ ಆಗಬಾರದೆಂದಲ್ಲ. ಪುಣೆಯ ರಾಜ್ಯಶ್ರೀ ಗೂಡಿ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಅಕಾಡೆಮಿಯಂಥ ಹೆಸರಾಂತ ರೆಸಿಡೆನ್ಸಿಯಲ್ಲಿ ಇದ್ದು ಬಂದವರು. ದಲಿತ ಆತ್ಮಕಥೆಗಳಲ್ಲಿ ಬರುವ ಊಟದ, ಹಸಿವಿನ ಪ್ರಸಂಗಗಳನ್ನು ಅವರು ಅಡಿಗೆ ಮಾಡುವ ವಿಧಾನಗಳ ಹಾಗೆ ತಿರುಗಿ ಬರೆದಿದ್ದಾರೆ. ಓದುವವನೇ ಆ ಊಟ ಬೇಯಿಸಬೇಕಾಗುತ್ತದೆ, ಹಸಿವನ್ನೂ ಅಳೆದು ಹಾಕಬೇಕಾಗುತ್ತದೆ. ಕಣ್ಣೀರು ಕೇಳುವವರಿಗೆ ಇದು ಕಣ್ಣೀರು ಕೊಡುವುದಿಲ್ಲ, ಕೆಲಸ ಕೊಡುತ್ತದೆ. ಬಿಡುವು ಸಿಕ್ಕರೆ ನಮ್ಮವರು ಇಂಥದ್ದು ಮಾಡುತ್ತಾರೆ.

ಆದರೆ ಬಹುಮಟ್ಟಿಗೆ ನಮ್ಮ ಜನಕ್ಕೆ ಪರದೇಶದಿಂದ ಬರುವ ಕರೆ ಇನ್ನೊಂದು ಬಗೆಯದು. ಕೊಪ್ಪಳ ತಾಲೂಕಿನ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರನ್ನು ನೋಡಿ. 1997ರಲ್ಲಿ ಕೊಪ್ಪಳ ಬೇರೆ ಜಿಲ್ಲೆಯಾಗುವ ತನಕ ಆ ಊರು ನಮ್ಮ ರಾಯಚೂರು ಜಿಲ್ಲೆಯೇ. ತೊಗಲುಗೊಂಬೆಯಾಟವನ್ನು ಹೊತ್ತು ಅಮೆರಿಕ, ಯೂರೋಪು, ಇರಾನು, ಇರಾಕು ಸುತ್ತಿ ಬಂದವರು. 2025ರಲ್ಲಿ ತೊಂಬತ್ತು ದಾಟಿದ ವಯಸ್ಸಿನಲ್ಲಿ ಪದ್ಮಶ್ರೀ. ಅಷ್ಟು ದೇಶ ಕಂಡ ಕಲಾವಿದರು ನಮ್ಮ ಡಿಗ್ರಿ ಓದಿದವರಲ್ಲಿ ಎಷ್ಟು ಮಂದಿ ಇದ್ದಾರೆ? ಆದರೆ ಅವರಂಥವರನ್ನು ಕರೆಯುವುದು ಉತ್ಸವಕ್ಕೆ, ಆಟ ತೋರಿಸಲಿಕ್ಕೆ. ಪರದೆ ಕಟ್ಟು, ರಾಮಾಯಣ ಆಡು, ಚಪ್ಪಾಳೆ, ಪೆಟ್ಟಿಗೆ ಕಟ್ಟು, ವಿಮಾನ ಹತ್ತು. ಅದೇ ಊರಿನಲ್ಲಿ ಅದೇ ವಾರ ಇನ್ನೊಬ್ಬ ಕಲಾವಿದ ಆರು ತಿಂಗಳು ಕೋಣೆ ಹಿಡಿದು ‘ನೆರಳಿನ ಬಗ್ಗೆ ಸಂಶೋಧನೆ’ ಮಾಡುತ್ತಿರಬಹುದು. ನೆರಳನ್ನು ನೂರಾರು ವರ್ಷದಿಂದ ಬಲ್ಲ ಜನಾಂಗ ಪೆಟ್ಟಿಗೆ ಕಟ್ಟುತ್ತದೆ, ನೆರಳನ್ನು ಈಗ ತಾನೇ ಕಂಡವನು ಕೂತು ಯೋಚಿಸುತ್ತಾನೆ. ನಾವು ತಕರಾರು ಎತ್ತುವುದು ಈ ವಿಂಗಡಣೆಯ ಮೇಲೆ. ಒಬ್ಬರಿಗೆ ‘ಪ್ರಯೋಗ’, ಇನ್ನೊಬ್ಬರಿಗೆ ‘ಪರಂಪರೆ’. ಪರಂಪರೆ ಅಂದಕೂಡಲೇ ಅವರಿಗೆ ಕೆಡಿಸುವ ಹಕ್ಕಿಲ್ಲ, ಹೊಸ ಗೊಂಬೆ ಕತ್ತರಿಸುವ ಹಕ್ಕಿಲ್ಲ. ರಾವಣನ ಪಕ್ಕದಲ್ಲಿ ಗುತ್ತೇದಾರನ ಗೊಂಬೆ, ಲಾರಿಯ ಗೊಂಬೆ ನಿಂತರೆ ಹೇಗಿರುತ್ತದೆ ಎಂದು ನೋಡಲು ಒಂದು ಮಳೆಗಾಲದಷ್ಟು ಬಿಡುವನ್ನು ಅವರಿಗೆ ಯಾರು ಕೊಟ್ಟರು? ಅಲೆಮಾರಿಗಳಿಗೆ ಊರಲ್ಲಿ ನಿಲ್ಲಲು ಜಾಗ ಕೊಡದ ಲೋಕವೇ ಕಲೆಯ ಲೋಕದಲ್ಲೂ ಅವರನ್ನು ನಿಲ್ಲಗೊಡದೆ ಓಡಿಸುತ್ತಿದೆ.

ನಿಲ್ಲುವ ಮಾತು ಬಂದಾಗ ಗುಳೆಯ ಮಾತು ಬರಲೇಬೇಕು. ಸುಗ್ಗಿ ಮುಗಿದ ಮೇಲೆ ದೇವದುರ್ಗದ ಬಸ್ ಸ್ಟ್ಯಾಂಡಿನಾಗ ಬೆಂಗಳೂರು, ಪುಣೆ ಬಸ್ಸಿಗೆ ಕಾಯುವ ಗಂಟುಮೂಟೆಗಳನ್ನು ಓದುಗರು ಕಂಡಿದ್ದಾರೆ. 2002ರ ನಂಜುಂಡಪ್ಪ ಸಮಿತಿಯ ವರದಿ ರಾಜ್ಯದ 39 ತಾಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದಿತು, ಅದರಲ್ಲಿ ದೇವದುರ್ಗವೂ ಇದೆ. ಆ ಮಂದಿಗೆ ಬೆಂಗಳೂರಿನಲ್ಲಿ ಆರು ತಿಂಗಳ ‘ರೆಸಿಡೆನ್ಸಿ’ ಸಿಗುತ್ತದೆ: ತಗಡಿನ ಶೆಡ್ಡು, ಇಲ್ಲವೆ ನೀಲಿ ತಾಡಪತ್ರಿ. ಮುಂಗಡ ಕೊಟ್ಟ ಮೇಸ್ತ್ರಿಯೇ ಅಲ್ಲಿ ಕ್ಯುರೇಟರು. 1985ರಿಂದ ಶಕ್ತಿನಗರದಾಗ ಕಲ್ಲಿದ್ದಲು ಸುಟ್ಟು ತೆಗೆದ ಕರೆಂಟು ಅವರಿಗಿಂತ ಮೊದಲೇ ಬೆಂಗಳೂರು ಮುಟ್ಟಿರುತ್ತದೆ, ಅವರ ಶೆಡ್ಡಿಗೆ ಮಾತ್ರ ಮುಟ್ಟಿರುವುದಿಲ್ಲ.

ಈ ಶೆಡ್ಡುಗಳನ್ನು ಕಲೆಯಾಗಿ ಕಂಡವರೂ ಇದ್ದಾರೆ. ಭದ್ರಾವತಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಕೆಲಸ ಮಾಡುವ ಶೀಲಾ ಗೌಡ ಅವರ ‘ಡಾರ್ಕ್‌ರೂಮ್’ (2006) ರಸ್ತೆಗೆ ಹಾಕುವ ಡಾಂಬರಿನ ಡ್ರಮ್ಮುಗಳಿಂದ ಕಟ್ಟಿದ ಒಂದು ಕೋಣೆ. ರಸ್ತೆ ಕೂಲಿಗಳು ಖಾಲಿ ಡ್ರಮ್ಮು ಬಡಿದು ಚಪ್ಪಟೆ ಮಾಡಿ ಗುಡಿಸಲು ಕಟ್ಟಿಕೊಳ್ಳುತ್ತಾರಲ್ಲ, ಆ ರೂಪವೇ. ಮಾಡಿನ ತೂತುಗಳಿಂದ ಬೀಳುವ ಬೆಳಕು ಒಳಗೆ ಹೊಕ್ಕವರಿಗೆ ಚಿಕ್ಕೆ ತುಂಬಿದ ಆಕಾಶದಂತೆ ಕಾಣುತ್ತದೆ. ‘ಕಾಗೆಬಂಗಾರ’ದಲ್ಲಿ ಅದೇ ಡ್ರಮ್ಮು, ಅದೇ ತಾಡಪತ್ರಿ. ನಾವು ಇವನ್ನು ಫೋಟೋದಲ್ಲಿ ಮಾತ್ರ ಕಂಡವರು; ಆದರೂ ಇವು ಪ್ರಾಮಾಣಿಕ ಕೃತಿಗಳು ಎಂದು ನಮಗೆ ಅನ್ನಿಸುತ್ತದೆ. ಬಡವನ ಮುಖ ಬರೆದು ಕರುಣೆ ಮಾರುವ ಚಿತ್ರಗಳ ಹಾಗೆ ಇವು ಅಗ್ಗ ಅಲ್ಲ. ಒಣಗಿದ ಮುಖವೇ ಇಲ್ಲ, ಮನೆ ಇದೆ. ಆ ಚಿಕ್ಕೆ ಆಕಾಶ ಸುಳ್ಳೂ ಅಲ್ಲ. ತಗಡಿನ ತೂತಿನಾಗ ಬೆಳದಿಂಗಳು ಬೀಳೋದನ್ನು ಮಲಗಿ ನೋಡಿದವರು ನಾವೇ. ಪ್ರಶ್ನೆ ಇರುವುದು ಕೃತಿಯ ಹೊರಗೆ. ಡ್ರಮ್ಮು ಬಡಿದು ಗೋಡೆ ಮಾಡಬಹುದೆಂದು ಮೊದಲು ಕಂಡ ಕೈ ಯಾವುದು? ಅದು ಕಲಾಲೋಕಕ್ಕೆ ‘ವಸ್ತು’ವಾಗಿ ಹೋಯಿತು. ರೆಸಿಡೆನ್ಸಿ, ಬಿನಾಲೆ, ಗ್ಯಾಲರಿ ಎಲ್ಲವೂ ಒಂದೇ ದಾರಿಯ ಸ್ಟಾಪುಗಳು; ಆ ದಾರಿಯಲ್ಲಿ ನಮ್ಮ ಡ್ರಮ್ಮು ಹೋಗುತ್ತದೆ, ತಾಡಪತ್ರಿ ಹೋಗುತ್ತದೆ, ನಮ್ಮವ್ವಂದಿರ ಕೌದಿಯೂ ಹೋದೀತು. ಹೊಲಿದವರು ಹೋಗುವುದಿಲ್ಲ.

ಇದು ಇವತ್ತಿನ ಕತೆಯಲ್ಲ. ರಾಯಚೂರು ಕೋಟೆಯ ಗೋಡೆಯಲ್ಲಿ 40 ಅಡಿಗೂ ಉದ್ದದ ಒಂದೇ ಕಲ್ಲಿದೆ, ಅದರ ಮೇಲೆ 1294ರ ತೆಲುಗು ಶಾಸನವಿದೆ. ಕಾಕತೀಯರ ಕಾಲದಲ್ಲಿ ಗೋರೆ ಗಂಗಯ್ಯ ರೆಡ್ಡಿಯ ಕೈಕೆಳಗಿನ ವಿಠ್ಠಲನಾಥ ಕೋಟೆ ಕಟ್ಟಿಸಿದ ಎಂಬ ಸಂಗತಿ ಅದರಲ್ಲಿದೆ. ಅಲ್ಲೇ ಗೋಡೆಯಲ್ಲಿ ಆ ಕಲ್ಲನ್ನು ತಂದ ಬಗೆಯನ್ನೂ ಗೀರಿ ಬರೆದಿದ್ದಾರೆ: ಗಟ್ಟಿ ಗಾಲಿಯ ಬಂಡಿ, ಅದನ್ನೆಳೆಯುವ ಕೋಣಗಳ ಉದ್ದ ಸಾಲು, ಕೋಣಗಳನ್ನು ಹುರಿದುಂಬಿಸುವ ಆಳುಗಳು. ಬಸ್ ಸ್ಟ್ಯಾಂಡಿಗೆ ಹೋಗುವಾಗ ನಮ್ಮ ಕಾಲೇಜು ಹುಡುಗರು ಕೋಟೆಯ ಪಕ್ಕದಲ್ಲೇ ಹಾಯುತ್ತಾರೆ, ಒಮ್ಮೆ ನಿಂತು ನೋಡಬೇಕು. ಕಟ್ಟಿಸಿದವನಿಗೆ ಅಕ್ಷರ ಸಿಕ್ಕಿತು, ಎಳೆದವನಿಗೆ ಗೆರೆ. ಗೀರಿದವನಿಗೆ ಅದೂ ಇಲ್ಲ. ಆದರೆ ಒಡೆಯನ ಶಾಸನದ ಜೊತೆಗೆ ಕೋಣವನ್ನೂ ಆಳನ್ನೂ ಗೀರಬೇಕು ಎಂದು ಆ ಗೀರುವವನಿಗೆ ತೋಚಿತಲ್ಲ, ಅವನನ್ನು ನಾವು ಈ ಜಿಲ್ಲೆಯ ಮೊದಲ ಸಮಕಾಲೀನ ಕಲಾವಿದ ಎಂದು ಕರೆಯುತ್ತೇವೆ. ಪಂಡಿತರು ಒಪ್ಪದಿದ್ದರೆ ಇರಲಿ.

ಹಾಗಾದರೆ ನಮಗೆ ಬೇಕಾದದ್ದು ಏನು? ಪರದೇಶಕ್ಕೆ ನಮ್ಮಿಬ್ಬರನ್ನು ಕಳಿಸಿ ಎಂದು ಬೇಡುವುದಲ್ಲ. ಹಾರ್ಲೆಮಿನ ಕಡೆ ನೋಡಬೇಕು. 1968ರಲ್ಲಿ ನ್ಯೂಯಾರ್ಕಿನ ಕರಿಯರ ಕೇರಿಯಲ್ಲಿ, ಒಂದು ಹೆಂಡದಂಗಡಿಯ ಮಾಳಿಗೆ ಮೇಲೆ, ‘ಸ್ಟುಡಿಯೋ ಮ್ಯೂಸಿಯಂ’ ಶುರುವಾಯಿತು. ಮ್ಯೂಸಿಯಂ ಅಂದರೆ ಸತ್ತದ್ದನ್ನು ಇಡುವ ಜಾಗ ಎಂಬುದನ್ನು ಮುರಿದು, ಕೆಲಸ ಮಾಡುವ ಕಲಾವಿದರಿಗೆ ಅಲ್ಲೇ ಜಾಗ ಕೊಟ್ಟರು. ಹೆಸರಿನಲ್ಲೇ ಸ್ಟುಡಿಯೋ ಸೇರಿಸಿದರು. 1985ರಲ್ಲಿ ಕೆರ್ರಿ ಜೇಮ್ಸ್ ಮಾರ್ಷಲ್ ಅಲ್ಲಿ ಇದ್ದ; ಇವತ್ತು ಲೋಕದ ದೊಡ್ಡ ಚಿತ್ರಕಾರರಲ್ಲಿ ಅವನೊಬ್ಬ. ಬಿಳಿಯರ ಕೋಣೆಯ ಬಾಗಿಲು ತಟ್ಟುವುದನ್ನು ಅವರು ಬಿಡಲಿಲ್ಲ, ಅದರ ಜೊತೆಗೆ ತಮ್ಮ ಕೇರಿಯಲ್ಲೇ ಕೋಣೆ ತೆರೆದರು.

ನಮ್ಮಲ್ಲಿ ಕೋಣೆಗಳಿವೆ. ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲುಗಳು, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು. ನಮ್ಮಲ್ಲಿ ಅರ್ಧಕ್ಕರ್ಧ ಮಂದಿ ಅಕ್ಷರಸ್ಥರಾದದ್ದೇ ಆ ಕೋಣೆಗಳಲ್ಲಿ. ವಸತಿ ಎಂಬ ಶಬ್ದವೇ ರೆಸಿಡೆನ್ಸಿಗೆ ಕನ್ನಡ. ಬೇಸಗೆ ರಜೆಯಲ್ಲಿ ಅವು ಬೀಗ ಹಾಕಿ ಬಿದ್ದಿರುತ್ತವೆ. ಮಾನ್ವಿಯದೊಂದು, ದೇವದುರ್ಗದ್ದೊಂದು, ರಾಯಚೂರಿನದೊಂದು, ಮೂರೇ ಹಾಸ್ಟೆಲನ್ನು ಎರಡು ತಿಂಗಳು ಕಲಾವಿದರಿಗೆ ಕೊಟ್ಟರೆ ಸಾಕು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ರಸ್ತೆ, ಕಟ್ಟಡದ ಬಜೆಟ್ಟಿನಲ್ಲಿ ಇದು ಚಿಲ್ಲರೆ. ಹೊರಗಿನವರೂ ಬರಲಿ, ಬರ್ಲಿನ್ನಿನವರೂ ಬರಲಿ. ನಮ್ಮ ಬಿಸಿಲಿನಲ್ಲಿ ಮೆಸ್ಸಿನ ರೊಟ್ಟಿ ತಿಂದು ನಮ್ಮ ಗೆಳೆಯನಿಂದ ಅಕ್ಷರದ ನೆರಳು ಕಲಿತು ಹೋಗಲಿ.

ಆದರೆ ಎರಡು ತೊಡಕು. ಒಂದು, ಇದು ‘ಶಿಬಿರ’ ಆಗಬಾರದು. ನಮ್ಮ ಕಡೆ ಶಿಬಿರ ಅಂದರೆ ಮೂರು ದಿನ, ಒಂದು ಕ್ಯಾನ್ವಾಸು, ಉದ್ಘಾಟನೆಗೆ ಮಂತ್ರಿ, ಮಂತ್ರಿಗೆ ಹಲಗಿ ಮೇಳದ ಸ್ವಾಗತ, ಕೊನೆಗೆ ಚಿತ್ರ ಅಕಾಡೆಮಿಗೆ, ಶಾಲು ಕಲಾವಿದನಿಗೆ. ಹದಿನಾಲ್ಕನೇ ಲೂಯಿಯ ಲೆಕ್ಕವೇ ಅದು. ಹಲಗಿ ಬಡಿಯುವವನೂ ಒಳಗೆ ಕೋಣೆ ಪಡೆದವನಾಗಿರಬೇಕು, ಅವನು ಎರಡು ತಿಂಗಳು ಹಲಗಿ ಮುಟ್ಟದೆ ಇದ್ದರೂ ಯಾರೂ ಕೇಳಬಾರದು. ಇನ್ನೊಂದು ತೊಡಕು ದೊಡ್ಡದು. ಹಾಸ್ಟೆಲು ಖಾಲಿಯಿರುವ ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ಊರೂ ಖಾಲಿ. ಗೆರೆ ಬರೆಯುವ ಕೈ ಬೆಂಗಳೂರಿನಲ್ಲಿ ಗೌಂಡಿಯ ಕೈಗೆ ಗಾರೆ ಕೊಡುತ್ತಿರುತ್ತದೆ, ಕೌದಿ ಹೊಲಿಯುವ ಕೈ ಇಟ್ಟಿಗೆ ಹೊರುತ್ತಿರುತ್ತದೆ. ಆದ್ದರಿಂದ ಕೊಡುವ ದುಡ್ಡು ‘ಗೌರವಧನ’ ಆಗಬಾರದು, ಎರಡು ತಿಂಗಳ ಗುಳೆಯ ಕೂಲಿಗೆ ಕಡಿಮೆಯಿಲ್ಲದಂತೆ ಇರಬೇಕು, ಮುಂಗಡದ ಸಾಲ ತಡೆಯುವಷ್ಟು ಮೊದಲೇ ಕೈಸೇರಬೇಕು. ಕೂಸು ಇರುವ ಹೆಣ್ಣುಮಗಳು ಕೂಸಿನ ಸಮೇತ ಬರಬೇಕು. ಲೋಕದ ಎಷ್ಟೋ ರೆಸಿಡೆನ್ಸಿಗಳು ಇದಕ್ಕೆ ಇವತ್ತಿಗೂ ಒಪ್ಪುವುದಿಲ್ಲ. ಅರ್ಜಿ ಕನ್ನಡದಲ್ಲಿ, ಬಾಯಿಮಾತಿನಲ್ಲಿ, ಬೇಕಾದರೆ ಗೋಡೆಯ ಮೇಲೆ.

ಈ ಪತ್ರಿಕೆ ಓದುವ ಮಾಸ್ತರರೂ ಹಾಸ್ಟೆಲಿನ ವಿದ್ಯಾರ್ಥಿಗಳೂ ನಿಮ್ಮ ತಾಲೂಕಿನಲ್ಲಿ ಯಾವ ಹಾಸ್ಟೆಲು ಬೇಸಗೆಯಲ್ಲಿ ಖಾಲಿ ಇರುತ್ತದೆ, ಎಷ್ಟು ಕೋಣೆ, ಬಾವಿಯಲ್ಲೋ ಬೋರಿನಲ್ಲೋ ಮೇ ತಿಂಗಳಲ್ಲಿ ನೀರು ಇರುತ್ತದೋ ಇಲ್ಲವೋ, ಕೀಲಿ ಯಾರ ಹತ್ತಿರ ಇರುತ್ತದೆ ಎಂದು ಬರೆದು ಕಳಿಸಿ. ನಿಮ್ಮೂರಲ್ಲಿ ಗೋಡೆ ಬರೆಯುವವರು, ಗೊಂಬೆ ಆಡಿಸುವವರು, ಕೌದಿ ಹೊಲಿಯುವವರು ಯಾರಿದ್ದಾರೆ, ವರ್ಷದ ಯಾವ ತಿಂಗಳು ಊರಲ್ಲಿರುತ್ತಾರೆ ಎಂಬುದನ್ನೂ ಬರೆಯಿರಿ. ಅರ್ಜಿಯನ್ನು ಮಂಡಳಿಗೆ ನಾವು ಒಯ್ಯುತ್ತೇವೆ.